ಅಮ್ಮನ ಓಟು ಮತ್ತು ಲಿಫ್ಟ್ ಮಹಾಶಯರ ಉಪಕಾರ

ಮಾನ್ಯ ಲಿಫ್ಟ್ ಮಹಾಶಯರೇ,

ನಾಲ್ಕನೇ ಮಹಡಿಯಲ್ಲಿ ವಾಸವಿದ್ದು, ಇದೇ ಕಟ್ಟಡದ ಕೆಳಗೆ ಅಂಗಡಿ ಇಟ್ಟುಕೊಂಡಿರುವ ಟೈಲರ್ ಮಾಡುವ ಅನಂತ ನಮಸ್ಕಾರಗಳು. ಬಾಗಿಲು ಅರ್ಧ ತೆರೆದುಕೊಂಡು ತಾವು ವಿಶ್ರಾಂತಿಯಲ್ಲಿರುವಾಗ ತೊಂದರೆ ಕೊಡುತ್ತಿರುವುದಕ್ಕೆ ಮೊದಲೇ ಕ್ಷಮೆ ಕೋರುತ್ತೇನೆ.

ತಾವು ಕೆಟ್ಟು ನಿಂತಿದ್ದ ಆ ಒಳ್ಳೆಯ ಕಾಲದಲ್ಲಿ ಯಾರಿಗೆ ಓಟು ಹಾಕಬೇಕೆಂಬ ಚಿಂತೆಯೇ ನಮಗಿರಲಿಲ್ಲ. ಮಂಡಿನೋವಿನಿಂದ ಕೆಳಗಿಳಿಯಲಾಗದ ನನ್ನ ಅಮ್ಮ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಮೆಟ್ಟಿಲು ಹತ್ತಿ ಬಂದ ಅಭ್ಯರ್ಥಿಗೆ ನೀರು ಕೊಡುವ ಮೊದಲೇ ನಲ್ಲಿ, ಚರಂಡಿಗಳ ಬಗ್ಗೆ ಪ್ರಶ್ನೆ ಕೇಳುತ್ತಿದ್ದರು. "ಏದುಸಿರು ಬಿಡೋನಿಗೆ ಸುಳ್ಳು ಹೇಳೋಕೆ ಉಸಿರೆಲ್ಲಿರತ್ತೆ?" ಎಂಬುದು ಅವರ ಸಿದ್ಧಾಂತ. ಅವರು ಹೇಳಿದವರಿಗೇ ಕಟ್ಟಡದ ಓಟೆಲ್ಲ. ಕೆಳಗಿನಿಂದಲೇ ಕೈಬೀಸಿ ಹೋದವರ ಕಥೆ ಅಲ್ಲಿಗೆ ಮುಗಿಯುತ್ತಿತ್ತು.

ಕಳೆದ ಸಲ ಹಾಗೆ ಕೈಬೀಸಿ ಸೋತ ಮಹನೀಯರೇ ಈ ಸಲ ತಮ್ಮನ್ನು ರಿಪೇರಿ ಮಾಡಿಸಿದರು. ತಮ್ಮ ಕೃಪೆಯಿಂದ ಎಲ್ಲ ಅಭ್ಯರ್ಥಿಗಳೂ ಇಸ್ತ್ರಿ ಮುದುಡದಂತೆ ಮೇಲೆ ಬಂದು, ತುಂಬು ಉಸಿರಿನಲ್ಲಿ ಬಾಯಿಗೆ ಬಂದಷ್ಟು ಭರವಸೆ ಕೊಟ್ಟರು. ಅಮ್ಮನಿಗೆ ದಿಕ್ಕೇ ತೋಚಲಿಲ್ಲ. ಕಡೆಗೆ, ಲಿಫ್ಟ್ ಮಾಡಿಸಿದ ಪುಣ್ಯಾತ್ಮನಿಗೇ ಇರಲಿ ಎಂದರು; ನಾವೆಲ್ಲ ತಲೆಯಾಡಿಸಿದೆವು.

ಮತದಾನದ ದಿನ ತಾವು ಅಮ್ಮನನ್ನು ಹೂವಿನ ಹಾಗೆ ಕೆಳಗಿಳಿಸಿದಿರಿ. ಎಷ್ಟೋ ವರ್ಷದ ಮೇಲೆ ಬೀದಿ ಕಂಡ ಅಮ್ಮ, ಓಟು ಹಾಕಿ, ಅಂಗಡಿಗಳನ್ನೆಲ್ಲ ನೋಡಿಕೊಂಡು ಸಂಜೆ ಬಂದರೆ, ಮೆಕ್ಯಾನಿಕ್ ತಮ್ಮ ಮೋಟಾರನ್ನು ಆಟೋಗೆ ಏರಿಸುತ್ತಿದ್ದ. "ಬಾಡಿಗೆದು ಅಮ್ಮಾ. ಓಟು ಮುಗಿಯೋವರೆಗೆ ಅಂತ ಹೇಳಿದ್ರು," ಎಂದ.

ಅಂದಿನಿಂದ ಅಮ್ಮ ನನ್ನ ಅಂಗಡಿಯಲ್ಲಿ, ಗಿರಾಕಿಗಳು ಕೂರುವ ಬೆಂಚಿನ ಮೇಲೆ ಮಲಗುತ್ತಿದ್ದಾರೆ. ಎತ್ತಿಕೊಂಡು ಹೋಗುತ್ತೇವೆಂದರೆ, ನಾನೇನು ಬೀರುವೇ ಎಂದು ರೇಗುತ್ತಾರೆ. ತಮ್ಮನ್ನು ಕರೆಯುವ ಗುಂಡಿಯನ್ನು ಅವರು ದಿನವೂ ಒಮ್ಮೆ ಒತ್ತಿ ನೋಡುತ್ತಾರೆ. ಆದ್ದರಿಂದ ದಯವಿಟ್ಟು ಮೋಟಾರಿನ ಹಂಗಿಲ್ಲದೆ, ಬರೀ ಮರ್ಯಾದೆಯ ಬಲದಿಂದ ಒಂದೇ ಒಂದು ಸಲ ಮೇಲೆ ಹೋಗಿಬನ್ನಿ. ಆಮೇಲೆ ಮುಂದಿನ ಚುನಾವಣೆಯವರೆಗೂ ಕೆಟ್ಟು ನಿಂತು ನಮ್ಮನ್ನು ಕಾಪಾಡಿ.

ಮೆಟ್ಟಿಲ ಬುಡದಿಂದ, ಇಷ್ಟಾದರೂ ತಮ್ಮ ವಿಶ್ವಾಸಿ,
ಟೈಲರ್

ಹೇಳಲು ಮರೆತದ್ದು: ಗೆದ್ದ ಮಹನೀಯರು ನಿನ್ನೆ ಅಮ್ಮನಿಗೆ ಕೃತಜ್ಞತೆ ಹೇಳಲು ಬಂದಿದ್ದರು. ನಮ್ಮ ಅಂಗಡಿಯ ಮುಂದೆಯೇ ನಿಂತು, ನಾಲ್ಕನೇ ಮಹಡಿಯ ಕಿಟಕಿಗೆ ಬಹಳ ಹೊತ್ತು ಕೈಬೀಸಿದರು. ಅಮ್ಮ ಅವರ ಬೆನ್ನ ಹಿಂದೆ, ಬೆಂಚಿನ ಮೇಲೆ ಕೂತಿದ್ದರು.