ಚಿಕ್ಕಮ್ಮನ ಮೂರು ಬೋರು

ನಮ್ಮ ಚಿಕ್ಕಮ್ಮನಿಗೆ ಯಾರ ಮಾತಿನಲ್ಲೂ ನಂಬಿಕೆಯಿಲ್ಲ. ತಪ್ಪು ತಿಳಿಯಬೇಡಿ, ಮೂರು ಜನ ಹೇಳಿದರೆ ನಂಬುತ್ತಾಳೆ. ಆದರೆ ಆ ಮೂವರೂ ಒಂದೇ ಸಾಲಿನಲ್ಲಿ ನಿಂತಿರಬಾರದು!

ಅವಳು ಭೂವಿಜ್ಞಾನಿ. ನೆಲ ಕೊರೆದು ತೆಗೆದ ಕೋಲಿನಂಥ ಕಲ್ಲನ್ನು ನೋಡಿ, ಒಳಗಿನ ಪದರ ಎತ್ತ ಇಳಿದಿದೆ ಎಂದು ಗಣಿಯವರಿಗೆ ಹೇಳುವುದು ಅವಳ ಕೆಲಸವಾಗಿತ್ತು. ಆ ಕಲ್ಲು ಮೇಲೆ ಬರುವಷ್ಟರಲ್ಲಿ ತಿರುಗಿಬಿಟ್ಟಿರುತ್ತದಂತೆ. ಪದರ ಓರೆಯಾಗಿದೆ ಎಂದು ತಿಳಿಯುತ್ತದೆ, ಯಾವ ದಿಕ್ಕಿಗೆ ಎಂದು ತಿಳಿಯುವುದಿಲ್ಲ. ಅದಕ್ಕೇ ಮೂರು ಕಡೆ ಬೋರು ಕೊರೆದು, ಅದೇ ಪದರ ಎಲ್ಲೆಲ್ಲಿ ಎಷ್ಟು ಆಳಕ್ಕೆ ಸಿಕ್ಕಿತು ಎಂದು ನೋಡಬೇಕು. ಮೂರೂ ಒಂದೇ ಗೆರೆಯ ಮೇಲಿದ್ದರೆ ಕೊರೆದದ್ದು ದಂಡ. ಈ ವಿದ್ಯೆಯನ್ನು ಗಣಿಯಲ್ಲೇ ಬಿಟ್ಟು ಬಂದಿದ್ದರೆ ನಾವು ಸುಖವಾಗಿರುತ್ತಿದ್ದೆವು. ನಿವೃತ್ತಳಾಗಿ ಸಂಜಯನಗರಕ್ಕೆ ಬರುವಾಗ ಅದನ್ನೂ ಹೊತ್ತು ತಂದಳು.

ಯಶವಂತಪುರದ ಮಾರ್ಕೆಟ್ಟಿನಲ್ಲಿ ಕಲ್ಲಂಗಡಿಯವನು ಹಣ್ಣು ಕೆಂಪಗಿದೆ ಎಂದು ತೋರಿಸಲು ಒಂದು ತುಂಡು ಕೊಯ್ದು ಕೊಟ್ಟ.

"ಇನ್ನೆರಡು ಕಡೆ ಕುಯ್ಯಪ್ಪ."

"ಮೂರು ಕಡೆ ಕುಯ್ದ್ರೆ ಹಣ್ಣೆಲ್ಲಿ ಉಳಿಯುತ್ತಮ್ಮಾ?"

ಕೊಯ್ಯಿಸಿ, ತಿಂದು, "ಆ ಕಡೆ ಸಪ್ಪೆ" ಎಂದು ಬಿಟ್ಟು ಬಂದಳು. ಮುಂದಿನ ವಾರ ಅವಳನ್ನು ದೂರದಿಂದ ಕಂಡೊಡನೆ ಆತ ಹಣ್ಣುಗಳ ಮೇಲೆ ಟಾರ್ಪಾಲು ಎಳೆದ.

ಬ್ಯಾಟರಾಯನಪುರದ ಗೃಹಪ್ರವೇಶಕ್ಕೆ ಹೋಗುವಾಗ ಟೀ ಅಂಗಡಿಯ ಮುಂದೆ ಇಬ್ಬರು ಒಂದೇ ದಾರಿ ಹೇಳಿದರು. "ಇಬ್ರೂ ಒಟ್ಗೇ ಟೀ ಕುಡೀತಿದಾರೆ, ಲೆಕ್ಕಕ್ಕಿಲ್ಲ" ಎಂದು, ಬೇರೆಯವರನ್ನು ಕೇಳಲು ಆಟೋವನ್ನು ರಸ್ತೆಯ ಆಚೆ ಬದಿಗೆ ಹೊಡೆಸಿದಳು. ನಾವು ತಲುಪಿದಾಗ ಉಳಿದಿದ್ದು ಅನ್ನ, ಮಜ್ಜಿಗೆ.

ನನ್ನ ಮದುವೆಯ ಮಾತು ಬಂದಾಗ ಮಾತ್ರ ನನಗೆ ನಗು ಬರಲಿಲ್ಲ. ಹುಡುಗ ಚಿಕ್ಕಬಾಣಾವರದವನು, ಪಾಲಿಟೆಕ್ನಿಕ್‌ನಲ್ಲಿ ಮೇಷ್ಟ್ರು. ನನಗೆ ತುಂಬ ಹಿಡಿಸಿದ್ದ. ಅಪ್ಪನ ಸ್ನೇಹಿತರೊಬ್ಬರು ಅಪರಂಜಿಯಂಥ ಹುಡುಗ ಎಂದಿದ್ದರು. ನಿಶ್ಚಿತಾರ್ಥಕ್ಕೆ ದಿನ ನೋಡುವುದೊಂದೇ ಬಾಕಿ.

"ಭಾವ, ಇದು ಒಂದೇ ಬೋರು" ಎಂದು ಚಿಕ್ಕಮ್ಮ ಅಡ್ಡ ಬಂದಳು.

ಹುಡುಗನ ತಾಯಿಯನ್ನೂ ಸೋದರತ್ತೆಯನ್ನೂ ಕೇಳಿದಳು. ಅವರೂ ಅಪರಂಜಿ ಎಂದರು. ಒಂದೇ ಸಾಲು ಎಂದು ತಳ್ಳಿಹಾಕಿದಳು. ಅವನ ಬೀದಿಯ ಇಸ್ತ್ರಿಯವನ ಹತ್ತಿರ ಹೋದಳು. ಸಾಲದೆಂದು, ಹಿಂದೆ ಇದೇ ಹುಡುಗನನ್ನು ಬೇಡ ಎಂದಿದ್ದ ಹುಡುಗಿಯೊಬ್ಬಳನ್ನು ಪತ್ತೆಹಚ್ಚಿ, ಅವಳ ಮನೆಯಲ್ಲೇ ಕಾಫಿ ಕುಡಿದು ಬಂದಳು! ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಸಂಬಂಧ ಮುರಿದೇ ಹೋಯಿತು ಎಂದು ನಾನು ಅತ್ತುಬಿಟ್ಟೆ.

"ಇಸ್ತ್ರಿಗೆ ಬಟ್ಟೆ ತಾನೇ ತಂದ್ಕೊಡ್ತಾನಂತೆ, ವಾಪಸ್ ತಗೊಂಡು ಹೋಗೋದು ಮರೀತಾನಂತೆ" ಎಂದು ಚಿಕ್ಕಮ್ಮ ವರದಿ ಒಪ್ಪಿಸಿದಳು. "ಆ ಹುಡುಗಿ ಬೇಡ ಅಂದ್ಮೇಲೂ ಅವಳ ಬಗ್ಗೆ ಎಲ್ಲೂ ಒಂದು ಕೆಟ್ಟ ಮಾತಾಡಿಲ್ವಂತೆ. ಸೋಮಾರಿತನದ ಕಡೆಗೆ ಸ್ವಲ್ಪ ಓರೆ ಇದಾನೆ ಕಣೆ. ಪರ್ವಾಗಿಲ್ಲ, ಮಾಡ್ಕೋ."

ನನ್ನ ಸಿಟ್ಟು ಇಳಿದಿರಲಿಲ್ಲ. "ದೊಡ್ಡವರು ಒಬ್ರು ಹೇಳಿದ್ದು ಸಾಲ್ತಿರ್ಲಿಲ್ವಾ? ಯಾಕೆ ನಿಂಗೆ ಈ ಹುಚ್ಚು?"

ಚಿಕ್ಕಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ನಂಗೂ ಒಂದ್ಸಲ ಮದ್ವೆ ಆಗಿತ್ತು ಕಣೆ. ನಿಮ್ಮ ತಾತ ಒಬ್ಬರನ್ನೇ ಕೇಳಿದ್ರು, ಅವ್ರೂ ಅಪರಂಜಿ ಅಂದ್ರು. ಎಂಟೇ ತಿಂಗ್ಳು. ಮುರಿದ ಕೈ ಕಟ್ಕೊಂಡು ವಾಪಸ್ ಬಂದೆ."

ಅವಳ ಎಡಗೈ ಪೂರ್ತಿ ಚಾಚಲು ಬರುವುದಿಲ್ಲ. ಆ ಕೈಯನ್ನು ಹಿಡಿದುಕೊಂಡು ಬಹಳ ಹೊತ್ತು ಅತ್ತೆ. ಗಣಿಯಲ್ಲಿ ಜಾರಿ ಬಿದ್ದದ್ದು ಎಂದು ಅಮ್ಮ ಹೇಳಿದ್ದಳು, ಅಪ್ಪ ಹೇಳಿದ್ದರು, ಅಜ್ಜಿಯೂ ಹೇಳಿದ್ದಳು. ಮೂವರು ಹೇಳಿದ್ದರಿಂದ ನಾನು ನಂಬಿಬಿಟ್ಟಿದ್ದೆ.