ನಾ ಬಂದ್ರೂ ತೆಗೀಬ್ಯಾಡ

ಬೀರಲಿಂಗೇಶನ ತಾಪತ್ರಯಕ್ಕೆಲ್ಲ ಮೂಲ ಅವನ ನಾಚಿಕೆ. ಹಗರಿಬೊಮ್ಮನಹಳ್ಳಿಯಲ್ಲಿ ಮನೆ. ಬೈಕಿನ ಹಿಂದೆ ಮುಂದೆ ಸ್ಟೀಲ್ ಪಾತ್ರೆ ಕಟ್ಟಿಕೊಂಡು ಕೊಟ್ಟೂರು, ಕೂಡ್ಲಿಗಿ, ಹಿರೇಹಡಗಲಿ ಅಂತ ಸಂತೆ ಸಂತೆ ಸುತ್ತುವ ವ್ಯಾಪಾರ. "ಆಮ್ಯಾಲೆ ಕೊಡ್ತೀನಿ" ಅಂದವರಿಗೆಲ್ಲ ಕೊಡಪಾನ ಎತ್ತಿ ಕೊಟ್ಟುಬಿಡುತ್ತಿದ್ದ. ವಾಪಸು ಕೇಳಲು ಮಾತ್ರ ಬಾಯೇ ಬರುತ್ತಿರಲಿಲ್ಲ. ಎದುರುಮನೆ ಹುಲುಗಪ್ಪ ಮಗಳ ಮದುವೆಗೆಂದು ಉದ್ರಿ ಒಯ್ದ ಪಾತ್ರೆಯ ದುಡ್ಡೊಂದೇ ಬಂದಿದ್ದರೂ ಬೈಕಿನ ಸಾಲದ ಮೂರು ಕಂತು ಕಟ್ಟಬಹುದಿತ್ತು. ಹುಲುಗಪ್ಪ ದಿನಾ ಎದುರು ಸಿಕ್ಕು "ಊಟ ಆತೇನೋ?" ಅನ್ನುತ್ತಿದ್ದ, ಇವನು "ಆತಣ್ಣ" ಅನ್ನುತ್ತಿದ್ದ. ಆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು.

ಸಾಲ ಕೊಟ್ಟ ಫೈನಾನ್ಸಿನವರಿಗೆ ಈ ನಾಚಿಕೆಯ ಕಾಯಿಲೆ ಇರಲಿಲ್ಲ. ಹೋದ ಭಾನುವಾರ ಇಬ್ಬರು ಹೊಸ ವಸೂಲಿಯವರು ಓಣಿಗೆ ಬಂದರು. ಒಬ್ಬ ಗುರುಬಸವರಾಜ, ಬಾಗಿಲ ತುಂಬುವ ಆಳು, ಮೂರು ಓಣಿಗೆ ಕೇಳುವ ಗಂಟಲು. ಇನ್ನೊಬ್ಬ ರಾಮಾಂಜಿನಿ, ಸಣಕಲ, ಕೈಯಲ್ಲಿ ಸಾಲಗಾರರ ಪಟ್ಟಿ. ಬೀರಲಿಂಗೇಶ ಸಂತೆಗೆ ಹೋಗಿದ್ದ. ಖಾಲಿ ಕಟ್ಟೆಯ ಮುಂದೆಯೇ ನಿಂತು ಗುರುಬಸವರಾಜ ಶುರುಮಾಡಿದ.

"ಏ ಬೀರಲಿಂಗೇಶಾ! ಬೈಕ್ ಹತ್ತಾಕ ಬರ್ತೈತಿ, ರೊಕ್ಕ ಕಟ್ಟಾಕ ಬರಂಗಿಲ್ಲೇನು? ಮುಂದಿನ ಭಾನುವಾರ ಬರ್ತೀವಿ. ರೊಕ್ಕ ಇಲ್ಲಂದ್ರ ಬೈಕ್ ಎತ್ತಿಕೊಂಡು ಹೋಗೋದೇ!"

ಬೈಕ್ ಹೋದರೆ ಸಂತೆಗೆ ಹೋಗುವುದು ಹೇಗೆ? ಸಂತೆಗೆ ಹೋಗದಿದ್ದರೆ ಒಲೆ ಹೊತ್ತುವುದು ಹೇಗೆ? ಆ ಭಾನುವಾರ ಕಳೆದ ಮೇಲಿನ ಬುಧವಾರ ಅವನಿಗೆ ಚೀಟಿ ದುಡ್ಡು ಬರುವುದಿತ್ತು. ಈ ಒಂದು ಭಾನುವಾರ ದಾಟಿದರೆ ಬಚಾವು.

ಹಾಗಾಗಿ ಆ ಭಾನುವಾರ ಬೆಳಕು ಹರಿಯುವ ಮುಂಚೆಯೇ ಬೈಕನ್ನು ಹೊಸ್ತಿಲು ದಾಟಿಸಿ ಪಡಸಾಲೆಗೆ ತಂದ. ಜೋಳದ ಚೀಲಗಳಿಗೆ ಒರಗಿಸಿ, ಮೇಲೆ ದೊಡ್ಡ ಕೌದಿ ಹೊದಿಸಿದ. ಹೆಂಡತಿ ಸೌಭಾಗ್ಯ ಕಸಬರಿಗೆ ಹಿಡಿದು ನೋಡುತ್ತಾ ನಿಂತಿದ್ದಳು.

"ಯಾರ ಬಂದ್ರೂ ಬಾಗಿಲ ತೆಗೀಬ್ಯಾಡ ನೋಡು."

"ಆತು."

"ಹುಲುಗಪ್ಪ ಕರದ್ರೂ ತೆಗೀಬ್ಯಾಡ."

"ಆತಂದೆನಲ್ಲ."

"ನಾ ಬಂದ್ರೂ ತೆಗೀಬ್ಯಾಡ! ಅವ್ರು ನನ್ನ ಹಿಡಕೊಂಡು ಬಂದು, ನನ್ನ ಬಾಯಿಲೇ ಕರಿಸಿದ್ರ ಏನ್ಮಾಡ್ತಿ? ಕತ್ಲಾಗೋತನ ನಾ ಕರದ್ರೂ ನಾನಲ್ಲ ಅಂತ ತಿಳಕೋ."

"ನೀ ಬಂದಾಗ ತೆಗೀದಂಗ ಇರಾದು ನನಗೇನು ಕಷ್ಟ ಅಲ್ಲ ಬಿಡು," ಅಂದ ಸೌಭಾಗ್ಯ ಅವನನ್ನು ಹಿತ್ತಲಿಗೆ ಕಳಿಸಿ ಎರಡೂ ಕಡೆ ಅಗಳಿ ಹಾಕಿಕೊಂಡಳು.

ಹಿತ್ತಲ ಗೋಡೆ ಹಾರಿದರೆ ಸೋದರಮಾವ ಪಾಲಾಕ್ಷಪ್ಪನ ಮನೆ. ಪಾಲಾಕ್ಷಪ್ಪ ಮೈಲಾರಲಿಂಗನ ಗೊರವಯ್ಯ. ಪ್ರತಿ ಭಾನುವಾರ ಕರಿ ಕಂಬಳಿ ತೊಟ್ಟು, ಕರಡಿಗೂದಲ ಟೋಪಿ ಇಟ್ಟು, ಡಮರುಗ ಬಾರಿಸುತ್ತಾ ಐದು ಮನೆ ಭಿಕ್ಷೆ ಎತ್ತುವುದು ಅವನ ನೇಮ. ಅವತ್ತು ಮಂಡಿ ಊದಿಕೊಂಡು, ಎಣ್ಣೆ ತಿಕ್ಕಿಕೊಳ್ಳುತ್ತಾ ಕೂತಿದ್ದ. ಅಳಿಯ ಜೋಳ ತುಂಬಿಡುವ ದೊಡ್ಡ ಗುಮ್ಮಿಯ ಹಿಂದೆ ಅಡಗಿ ಕೂತ.

ಒಂಬತ್ತಕ್ಕೆ ಓಣಿಯಲ್ಲಿ ಗಂಟಲು ಕೇಳಿಸಿತು. ಬಾಗಿಲು ಬಡಿದದ್ದೇ ಬಡಿದದ್ದು, ಒಂದೂ ತೆರೆಯಲಿಲ್ಲ. ಬೀರಲಿಂಗೇಶನ ಪಕ್ಕದ ಮನೆಯ ಕೊಟ್ರಬಸಮ್ಮನಿಗೆ ಸುಮ್ಮನಿದ್ದು ಗೊತ್ತಿಲ್ಲ. ಬಾಗಿಲು ಹಾಕಿಕೊಂಡೇ ಕಿಟಕಿಯಿಂದ ಸಹಾಯಕ್ಕೆ ನಿಂತಳು.

"ಬೀರಲಿಂಗೇಶ ಊರಾಗ ಇಲ್ರಿ ಯಪ್ಪಾ! ಹಿಂದಿನ ಓಣ್ಯಾಗ ಅವರ ಮಾವ ಪಾಲಾಕ್ಷಪ್ಪನ ಮನಿ ಐತಲ್ರಿ, ಅಲ್ಲಂತೂ ಇಲ್ಲವೇ ಇಲ್ಲ! ಬೇಕಾರ ಹೋಗಿ ನೋಡ್ರಿ!"

ಗುಮ್ಮಿಯ ಹಿಂದೆ ಬೀರಲಿಂಗೇಶ ಇನ್ನಷ್ಟು ಮುದುಡಿ ಕೂತ. ಪಾಲಾಕ್ಷಪ್ಪ ಮಾತ್ರ ಕುಂಟುತ್ತಾ ಎದ್ದು ಗೂಟದ ಮೇಲಿನ ಕಂಬಳಿ ಇಳಿಸಿದ.

"ಹಾಕ್ಕೊಳಲೇ. ನಿಮ್ಮಪ್ಪನೂ ಗೊರವಯ್ಯನೇ ಇದ್ದ, ನಿನಗೇನು ಹೊಸಾದಲ್ಲ. ನನ್ನ ನೇಮಾನೂ ಮುಗಿತೈತಿ, ನಿನ್ನ ಜೀವನೂ ಉಳಿತೈತಿ. ಆದ್ರ ನೆಪ್ಪಿಟಕೋ. ಐದು ಮನಿ ಭಿಕ್ಷೆ ಮುಗಿಯೋತನ ಕಂಬಳಿ ತಗೀಬಾರದು. ಕರದವರಿಗೆ ಒಲ್ಲೆ ಅನಬಾರದು. ಇದು ನಮ್ಮ ಮನಿ ಪದ್ಧತಿ."

ಅಂದವನೇ ಅಳಿಯನ ಮುಖಕ್ಕೆ ಒಂದು ಹಿಡಿ ಭಂಡಾರದ ಅರಿಶಿನ ಬಳಿದು, ಟೋಪಿಯನ್ನು ಹುಬ್ಬಿನ ತನಕ ಎಳೆದು, ಹೊರಗೆ ದಬ್ಬಿದ. "ಮೈಲಾರಲಿಂಗಾ, ತಪ್ಪು ಹೊಟ್ಟಿಗೆ ಹಾಕ್ಕೊಳಪ್ಪೋ" ಅಂತ ಬೀರಲಿಂಗೇಶ ಒಳಗೊಳಗೇ ಬೇಡಿಕೊಂಡ.

ಬಾಗಿಲಲ್ಲೇ ಗುರುಬಸವರಾಜ! ಬೀರಲಿಂಗೇಶ ಬೆಚ್ಚಿದ ರಭಸಕ್ಕೆ ಡಮರುಗ ತಾನೇ ಬಡಿದುಕೊಂಡಿತು. ಆದರೆ ಗುರುಬಸವರಾಜ ತಟ್ಟನೆ ಚಪ್ಪಲಿ ಬಿಟ್ಟು, ಪಕ್ಕಕ್ಕೆ ಸರಿದು ಕೈಮುಗಿದ. "ಹೋಗಿಬರ್ರಿ ಯಪ್ಪಾ."

ಗೆದ್ದೆ ಅಂದುಕೊಂಡು ಬೀರಲಿಂಗೇಶ ತನ್ನ ಓಣಿಗೆ ತಿರುಗಿ, ಕೊಟ್ರಬಸಮ್ಮನ ಮನೆಯ ಮುಂದೆ ನಿಂತ. ಗಂಟಲು ದಪ್ಪ ಮಾಡಿ ಮೈಲಾರಲಿಂಗನ ಜೈಕಾರ ಕೂಗಿದ. "ಏಳು ಕೋಟಿ ಏಳು ಕೋಟಿಗೋ ಚಾಂಗಮಲೋ!"

ಮುಂಜಾನೆಯಿಂದ ಬಿಗಿದಿದ್ದ ಬಾಗಿಲು ಹಾರುಹೊಡೆದು ತೆರೆಯಿತು. ಕೊಟ್ರಬಸಮ್ಮ ಸೆರಗು ಹೊದ್ದು, ತಲೆ ಬಗ್ಗಿಸಿ, ಮೊರದಲ್ಲಿ ಜೋಳ ತಂದು ಜೋಳಿಗೆಗೆ ಸುರಿದಳು.

ಮಾವನ ಮನೆಯಲ್ಲಿ ಬರೀ ಗುಮ್ಮಿ ನೋಡಿ ವಾಪಸು ಬಂದಿದ್ದ ವಸೂಲಿಯವರು ಇದನ್ನು ಕಣ್ಣು ಬಿಟ್ಟುಕೊಂಡು ನೋಡಿದರು.

"ಅಣ್ಣಾ, ನಾವು ಮೂರು ಸಲ ಬಡದ್ರೂ ತೆಗೀಲಿಲ್ಲ ಈ ಯಮ್ಮ," ಅಂದ ರಾಮಾಂಜಿನಿ.

ಗುರುಬಸವರಾಜ ಗಡ್ಡ ಕೆರೆದುಕೊಂಡ. ಆಮೇಲೆ ಬೀರಲಿಂಗೇಶನ ಮುಂದೆ ಬಂದು ಮತ್ತೆ ಕೈಮುಗಿದ. "ಯಪ್ಪಾ, ನಮ್ಮ ಕೂಡ ಇನ್ನೊಂದು ನಾಕು ಮನಿ ಬರ್ರಿ. ನೀವು ಮುಂದ, ನಾವು ಹಿಂದ. ಮನಿಗೆ ಐವತ್ತು ರೂಪಾಯಿ ಕಾಣಿಕಿ ಕೊಡ್ತೀವಿ."

ಒಲ್ಲೆ ಅನ್ನುವಂತಿಲ್ಲ. ಓಡಿದರೆ ಸಿಕ್ಕಿಬೀಳುತ್ತಾನೆ. ಬೀರಲಿಂಗೇಶ ತಲೆಯಾಡಿಸಿದ.

ಎರಡನೆಯದು ಹುಲುಗಪ್ಪನ ಮನೆ. ಫ್ರಿಜ್ಜಿನ ಸಾಲ. "ಏಳು ಕೋಟಿ ಏಳು ಕೋಟಿಗೋ!"

"ಏಳು ಕೋಟಿ ಬ್ಯಾಡ್ರಿ ಯಪ್ಪಾ, ಏಳು ಸಾವಿರ ಬಂದ್ರ ಸಾಕು," ಅಂತ ಹಿಂದಿನಿಂದ ರಾಮಾಂಜಿನಿ ಪಿಸುಗುಟ್ಟಿದ.

ಹುಲುಗಪ್ಪ ಬಟ್ಟಲು ಹಿಡಿದು ಬಾಗಿಲು ತೆಗೆದ. ಗೊರವಯ್ಯನ ಮಗ್ಗುಲಿಂದ ಗುರುಬಸವರಾಜನ ಕಾಲು ಹೊಸ್ತಿಲ ಒಳಗೆ ಬಿತ್ತು. ಬಾಯಿಬಾಯಿ ಬಿಟ್ಟರೂ ಹುಲುಗಪ್ಪನಿಗೆ ದಾರಿ ಉಳಿಯಲಿಲ್ಲ. ಒಳಗಿಂದ ಒಂದು ಸ್ಟೀಲ್ ಡಬ್ಬಿ ತಂದು ನೋಟು ಎಣಿಸಿ ಕೊಟ್ಟ. ಆ ಡಬ್ಬಿ ನೋಡಿ ಬೀರಲಿಂಗೇಶನ ಹೊಟ್ಟೆ ಉರಿಯಿತು. ತಾನು ಉದ್ರಿ ಕೊಟ್ಟ ಡಬ್ಬಿಯೇ ಅದು! ಅದರ ತುಂಬ ದುಡ್ಡು ಇಟ್ಟುಕೊಂಡು ಈ ಮಾರಾಯ ದಿನಾ ಊಟ ಆತೇನೋ ಅಂತ ಕೇಳುತ್ತಿದ್ದ. ಬೀರಲಿಂಗೇಶ ಸಿಟ್ಟಿಗೆ ಡಮರುಗವನ್ನು ಎರಡು ಸುತ್ತು ಹೆಚ್ಚಿಗೆ ಬಾರಿಸಿದ.

ಮೂರನೇ ಮನೆಯಲ್ಲಿ ಬಟ್ಟೆ ಹೊಲಿಯುವ ಗೀತಮ್ಮ ಗೊಣಗುತ್ತಾ ಸೆರಗಿನ ಗಂಟು ಬಿಚ್ಚಿದಳು. ನಾಲ್ಕನೇ ಮನೆಯ ಹಾಲಿನವನು ಒಂದು ಕೈಯಲ್ಲಿ ಭಿಕ್ಷೆ ನೀಡುತ್ತಿದ್ದಾಗ ಇನ್ನೊಂದು ಕೈ ಗುರುಬಸವರಾಜನ ಮುಷ್ಟಿಯಲ್ಲಿತ್ತು. ಬೀರಲಿಂಗೇಶನಿಗೆ ಈಗ ಹುರುಪೇ ಬಂದುಬಿಟ್ಟಿತ್ತು. ಇನ್ನೊಬ್ಬರ ಬಾಗಿಲು ತೆಗೆಸುವುದರಲ್ಲಿ ಇಷ್ಟು ಸುಖ ಇದೆ ಅಂತ ಅವನಿಗೆ ಇಷ್ಟು ದಿನ ಗೊತ್ತೇ ಇರಲಿಲ್ಲ. ಜೋಳಿಗೆ ತುಂಬಿದೆ, ಕಾಣಿಕೆ ಬರುವುದಿದೆ, ನಾಚಿಕೆ ಎಲ್ಲಿ ಹೋಯಿತೋ ಏನೋ.

"ಐದನೇ ಮನಿ ಎಲ್ಲೈತ್ರಪಾ?" ಅಂತ ತಾನೇ ಮುಂದಾಗಿ ಕೇಳಿದ.

ರಾಮಾಂಜಿನಿ ಪಟ್ಟಿ ತಿರುವಿದ. "ಇಲ್ಲೇ ಐತ್ರಿ ಯಪ್ಪಾ, ಆ ಹಸರು ಬಾಗಿಲ. ಪಾತ್ರಿ ಮಾರೋ ಬೀರಲಿಂಗೇಶ. ಭಾಳ ಕಳ್ಳ ಅದಾನಂತ್ರಿ ಅವ."

ಬೀರಲಿಂಗೇಶನ ಹುರುಪು ಅಲ್ಲೇ ಇಳಿಯಿತು. ತನ್ನದೇ ಕಟ್ಟೆಯ ಮುಂದೆ ನಿಂತು, ಸೊಳ್ಳೆ ಓಡಿಸುವಷ್ಟು ಮೆಲ್ಲಗೆ ಡಮರುಗ ಅಲ್ಲಾಡಿಸಿದ. "ಏಳು ಕೋಟಿ" ಅಂತ ತನಗಷ್ಟೇ ಕೇಳುವಂತೆ ಅಂದ.

"ಜೋರಾಗಿ ಯಪ್ಪಾ, ಜೋರಾಗಿ!" ಗುರುಬಸವರಾಜ ತಾನೇ ಅವನ ಕೈ ಹಿಡಿದು ಡಮರುಗ ಬಾರಿಸಿದ.

ಒಳಗೆ ಸದ್ದಿಲ್ಲ. ಭಲೇ ಹೆಣ್ಣೇ, ಅಂದುಕೊಂಡ ಬೀರಲಿಂಗೇಶ. ನಾ ಬಂದ್ರೂ ತೆಗೀಬ್ಯಾಡ ಅಂದಿದ್ದು ಒಳ್ಳೇದೇ ಆಯಿತು. ಅವನ ಎದೆ ತುಂಬಿ ಬಂತು.

ಅಗಳಿ ಸರಿಯಿತು. ಸೌಭಾಗ್ಯ ಮೊರದ ತುಂಬ ಜೋಳ ಹಿಡಿದು, ಮೇಲೆ ಬೆಲ್ಲದ ಹೆಂಟೆ ಇಟ್ಟುಕೊಂಡು, ತಲೆ ಬಗ್ಗಿಸಿ ನಿಂತಿದ್ದಳು.

"ತಡ ಆತ್ರಿ ಯಪ್ಪಾ. ನನ್ನ ಗಂಡ ಯಾರ ಬಂದ್ರೂ ತೆಗೀಬ್ಯಾಡ ಅಂದಾನ. ಗೊರವಯ್ಯ ಬಂದ್ರ ತೆಗೀಬ್ಯಾಡ ಅಂದಿಲ್ಲ. ಬರಿಗೈಲಿ ಕಳಿಸಿದ್ರ ನನ್ನ ಮನಿ ಉದ್ಧಾರ ಆಕ್ಕೈತೇನ್ರಿ?"

ಅಷ್ಟರಲ್ಲಿ ಗುರುಬಸವರಾಜ ಒಳಗೆ. ಕೌದಿ ಹಾರಿತು. "ಸಿಕ್ಕಿತು ನೋಡಲೇ ರಾಮಾಂಜಿನಿ! ಕೀಲಿನೂ ಇದರಾಗೇ ಐತಿ!"

ಬೈಕ್ ಹೊಸ್ತಿಲು ದಾಟಿ ಹೊರಗೆ ಬರುವುದನ್ನು ಬೀರಲಿಂಗೇಶ ಜೋಳಿಗೆ ಹಿಡಿದು ನೋಡುತ್ತಾ ನಿಂತ. ಬಾಯಿ ಬಿಟ್ಟರೆ ಕಂಬಳಿಯ ಮರ್ಯಾದೆ ಹೋಗುತ್ತದೆ, ಬಿಡದಿದ್ದರೆ ಬೈಕ್. ಸೌಭಾಗ್ಯ ಗೋಳೋ ಎಂದು ಗೊರವಯ್ಯನ ಕಾಲಿಗೆ ಬಿದ್ದಳು. "ಯಪ್ಪಾ, ಆ ನನ್ನ ಗಂಡ ಎಲ್ಲಿ ಅಡಗಿ ಕುಂತಾನೋ! ಅವನಿಗೆ ಒಂದೀಟು ಬುದ್ಧಿ ಕೊಡ್ರೀ..."

ಮಾತು ಅಲ್ಲಿಗೇ ನಿಂತಿತು. ಗೊರವಯ್ಯನ ಹೆಬ್ಬೆರಳಿಗೆ ಒಂದು ಹಸಿರು ಬಟ್ಟೆಯ ಪಟ್ಟಿ. ಹೋದ ವಾರ ಹಂಡೆ ಬಿದ್ದು ಉಗುರು ಜಜ್ಜಿಕೊಂಡ ಗಂಡನಿಗೆ, ತನ್ನ ಹಳೇ ಸೀರೆ ಹರಿದು ಅವಳೇ ಕಟ್ಟಿದ್ದು. ಸೌಭಾಗ್ಯ ಆ ಬೆರಳನ್ನು ಒಂದು ಸಲ ಗಟ್ಟಿಯಾಗಿ ಹಿಸುಕಿದಳು. ಗೊರವಯ್ಯ ಹಾ ಅಂದ. ಅವಳು ಎದ್ದು, ಕಣ್ಣೊರೆಸಿಕೊಂಡು, ಒಳಗೆ ಹೋದಳು.

ಗುರುಬಸವರಾಜ ಇನ್ನೂರು ರೂಪಾಯಿ ತೆಗೆದು ಭಕ್ತಿಯಿಂದ ಗೊರವಯ್ಯನ ಕೈಗಿಟ್ಟ. "ನಿಮ್ಮ ಕಾಲ್ಗುಣ ದೊಡ್ಡದು ಯಪ್ಪಾ. ಮುಂದಿನ ಭಾನುವಾರ ಕೂಡ್ಲಿಗಿ ಐತಿ, ನೀವು ಬರಾಕೇಬೇಕು. ನಡಕೊಂಡು ಬರೋದು ಬ್ಯಾಡ, ಈ ಬೈಕೇ ಕಳಿಸ್ತೀನಿ."

ಬೈಕ್ ಓಣಿ ತಿರುಗಿ ಹೋಯಿತು. ನಡು ಮಧ್ಯಾಹ್ನದ ಬಿಸಿಲು, ಮೈಮೇಲೆ ಕರಿ ಕಂಬಳಿ. ಐದು ಮನೆ ಮುಗಿದಿತ್ತು. ಬೀರಲಿಂಗೇಶ ಟೋಪಿ ತೆಗೆದು, ಬೆವರು ಒರೆಸಿಕೊಂಡು, ಬಾಗಿಲು ದೂಡಿದ. ಅಗಳಿ ಬಿದ್ದಿತ್ತು.

"ಸೌಭಾಗ್ಯಾ, ನಾನು. ಬಾಗಿಲ ತೆಗಿ."

ಒಳಗಿಂದ ತಣ್ಣಗೆ ಉತ್ತರ ಬಂತು. "ತೆಗ್ಯಾಕ ಬರಂಗಿಲ್ರಿ. ಕತ್ಲಾಗೋತನ ನಾ ಬಂದ್ರೂ ತೆಗೀಬ್ಯಾಡ ಅಂತ ನನ್ನ ಗಂಡ ಹೇಳಿ ಹೋಗ್ಯಾನ."