ಯುಕಂಬೀನ್ ಹಿನ್ನೀರಲ್ಲಿ ನಮ್ಮ ಗಾಳ

ಜೂನ್ ತಿಂಗಳು ಬಂತು ಅಂದ್ರೆ ನಮ್ಮ ಮನೇಲಿ ಯಾರಾದರೂ ಒಬ್ಬರು ನಗೆಪಾಟಲಾಗೋದು ಗ್ಯಾರಂಟಿ. ಹೋದ ವರ್ಷದ್ದಕ್ಕಿಂತ ದೊಡ್ಡದು ಇನ್ನೇನು ಆಗೋಕೆ ಸಾಧ್ಯ ಅಂದ್ಕೊಂಡು ಹೊರಡ್ತೀವಿ. ಆಗೇ ಆಗುತ್ತೆ.

ಇಲ್ಲಿ ಜೂನ್, ಜುಲೈ ಅಂದ್ರೆ ಗಡಗಡ ನಡುಗೋ ಚಳಿ. ಸಿಡ್ನಿಯ ಕನ್ನಡದವರೆಲ್ಲ ಬೆಟ್ಟಕ್ಕೆ ಹೋಗಿ, ಹಿಮದಲ್ಲಿ ಬಿದ್ದು, ಫೋಟೋ ತೆಗೆಸಿಕೊಂಡು ಬರ್ತಾರೆ. ನಾವು ಅದೇ ರಸ್ತೆ ಹಿಡಿದು ಹೋಗಿ ಯುಕಂಬೀನ್ ಅಣೆಕಟ್ಟಿನ ಹಿನ್ನೀರಿಗೆ ಗಾಳ ಹಾಕಿಕೊಂಡು ನಿಲ್ತೀವಿ, ಟ್ರೌಟ್ ಮೀನಿಗೋಸ್ಕರ. ಇದಕ್ಕೆಲ್ಲ ಕಾರಣ ನಾನೇ ಅಂತ ಹೆಮ್ಮೆಯಿಂದಲೇ ಹೇಳ್ತೀನಿ. ನಾನು ಹೊಸಪೇಟೆಯವಳು, ಡ್ಯಾಂ ನೋಡ್ಕೊಂಡೇ ಬೆಳೆದವಳು. ಇಲ್ಲಿ ಸಿಡ್ನಿಯ ಮ್ಯಾಕ್ವೆರಿ ಪಾರ್ಕ್ ಬಡಾವಣೆಯ ಒಂದು ಕಂಪನೀಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ನಮ್ಮನೆಯವರು ಮೈಸೂರಿನವರು, ಮೊಟ್ಟೆ ಕೂಡ ಮುಟ್ಟೋರಲ್ಲ. ಆದರೂ ಕಾರು ಓಡಿಸೋದು, ಫ್ಲಾಸ್ಕ್ ತುಂಬೋದು ಅವರ ಇಲಾಖೆ. ಓದೋಕೆ ಬಂದು, ಕಾಯಂ ಇರೋಕೆ ಪಿಆರ್ ಮಾಡಿಸಿಕೊಂಡು ಮೆಲ್ಬರ್ನಿನಲ್ಲೇ ಉಳಿದಿರೋ ನನ್ನ ತಮ್ಮ ಆ ಕಡೆಯಿಂದ ಡ್ರೈವ್ ಮಾಡ್ಕೊಂಡು ಬಂದು ಸೇರ್ಕೋತಾನೆ.

ಸಾರಿನ ಅಭಿಷೇಕ

ಮೊದಲನೇ ಸಲ ಹೋದಾಗ ಬೆಳಕು ಹರಿಯೋ ಹೊತ್ತಿಗೇ ನಾನೂ ನಮ್ಮನೆಯವರೂ ದಡದಲ್ಲಿದ್ವಿ. ಹುಲ್ಲಿನ ಮೇಲಿನ ಇಬ್ಬನಿ ಹೆಪ್ಪುಗಟ್ಟಿ, ಕಾಲಿಟ್ಟರೆ ಹಪ್ಪಳ ಮುರಿದ ಹಾಗೆ ಸದ್ದು. ಎರಡು ಮೂರು ಸಲ ಗಾಳ ಬೀಸಿದೆ. ಆಮೇಲೆ ದಾರ ಹೊರಗೇ ಬರಲಿಲ್ಲ. ಜಗ್ಗಿದೆ, ಕುಲುಕಿದೆ, ಬೈದೆ.

"ಒಂದ್ಸಲ ಆಫ್ ಮಾಡಿ ಆನ್ ಮಾಡು" ಅಂದರು ನಮ್ಮನೆಯವರು. ಅವರು ನಾರ್ತ್ ಸಿಡ್ನಿಯಲ್ಲಿ ಕಂಪ್ಯೂಟರ್ ಸಪೋರ್ಟ್ ಟೀಮಿನಲ್ಲಿರೋದು.

ಹತ್ತಿರ ಹಿಡಿದು ನೋಡಿದೆ. ಕೋಲಿನ ಉದ್ದಕ್ಕೂ ದಾರ ಹಾದುಹೋಗೋಕೆ ಪುಟ್ಟ ಪುಟ್ಟ ಬಳೆಗಳಿರ್ತವೆ. ಒದ್ದೆ ದಾರದ ನೀರೆಲ್ಲ ಆ ಬಳೆಗಳಲ್ಲಿ ಐಸ್ ಆಗಿ ಕೂತಿತ್ತು. ಬೆರಳಿಂದ ಉಜ್ಜಿದರೆ ಬೆರಳೇ ಮರಗಟ್ಟಿತು. ಬಿಸಿನೀರು ಬೇಕು. ಕಾಫಿ ಆಗಲೇ ಖಾಲಿ. ಉಳಿದಿದ್ದ ಫ್ಲಾಸ್ಕಿನಲ್ಲಿ ಇದ್ದದ್ದು ಮಧ್ಯಾಹ್ನಕ್ಕೆ ಅಂತ ಅವರೇ ಮಾಡಿದ ತಿಳಿಸಾರು.

"ಅದನ್ನೇ ಸುರೀರಿ" ಅಂದೆ.

"ಸಾರನ್ನಾ? ಊಟಕ್ಕೆ ಏನು ಕಲಸ್ಕೊಳ್ಳೋದು?"

"ರೀ, ಸುರೀರಿ ಅಂದ್ರೆ ಸುರೀರಿ!"

ಕೋಲನ್ನ ಅಡ್ಡ ಹಿಡಿದೆ. ಅವರು ಮುಖ ಚಿಕ್ಕದು ಮಾಡ್ಕೊಂಡು ಒಂದೊಂದು ಬಳೆಗೂ ಮುಚ್ಚಳದಲ್ಲಿ ಸಾರಿನ ಅಭಿಷೇಕ ಮಾಡಿದರು. ಐಸ್ ಕರಗಿತು. ಕರಿಬೇವಿನ ಎಲೆ ತೆಗೆದು ಬಿಸಾಕಿ ಗಾಳ ಬೀಸಿದೆ. ಸ್ವಲ್ಪ ಹೊತ್ತಿಗೆ ಒಳ್ಳೇ ರೈನ್‌ಬೋ ಟ್ರೌಟ್ ಒಂದು ಸಿಕ್ಕೇಬಿಡ್ತು!

ಪಕ್ಕದಲ್ಲಿ ನಮಗಿಂತ ಮುಂಚೆಯೇ ಬಂದು, ಏನೂ ಸಿಗದೆ ನಿಂತಿದ್ದ ಗಡ್ಡದ ಮುದುಕರೊಬ್ಬರು ಇದನ್ನೆಲ್ಲ ನೋಡ್ತಿದ್ದರು. ಆ ಕಡೆಯವರೇ, ಆಸ್ಟ್ರೇಲಿಯನ್. ಸೀದಾ ಬಂದು ಅದೇನು ಅಂತ ಕೇಳಿದರು. ನಮ್ಮನೆಯವರು ಬೇಳೆಯಿಂದ ಹಿಡಿದು ಇಂಗಿನ ತನಕ ಇಂಗ್ಲಿಷಿನಲ್ಲಿ ವಿವರಿಸಿದರು. "ನನಗೂ ಸ್ವಲ್ಪ" ಅಂದರು ಮುದುಕರು. ಇವರ ಕೋಲೂ ಹೆಪ್ಪುಗಟ್ಟಿದೆ ಅಂದ್ಕೊಂಡು ಒಂದು ಮುಚ್ಚಳ ಕೊಟ್ಟೆವು. ಅವರು ಅದನ್ನ ಗಟಗಟ ಕುಡಿದು, ಕಣ್ಣು ಮುಚ್ಚಿ, ತೆಗೆದು, "ಇದನ್ನ ಮೀನಿಗೆ ಹಾಕಿ ಹಾಳು ಮಾಡ್ತಾರಾ?" ಅಂತ ನನ್ನನ್ನೇ ಗದರಿದರು.

ಈಗ ಪ್ರತಿ ಚಳಿಗಾಲ ಆ ದಡಕ್ಕೆ ಹೋದ ಕೂಡಲೇ ಅವರು ದೂರದಿಂದಲೇ ಕೂಗೋದು, "ಸೂಪಿನವನು ಬಂದಿದ್ದಾನಾ?" ಅಂತ. ನಮ್ಮನೆಯವರು ಜಾಕೆಟ್ ಸರಿ ಮಾಡ್ಕೊಂಡು ನನಗೆ ಹೇಳ್ತಾರೆ: "ಒಂದು ಮೀನೂ ಹಿಡೀದೆ ಇಲ್ಲಿ ಹೆಸರು ಮಾಡಿದೋನು ನಾನೊಬ್ಬನೇ."

ಬೆನ್ನ ಹಿಂದೆ

ನನ್ನ ತಮ್ಮನಿಗೆ ಸಾಮಾನಿನ ಹುಚ್ಚು. ಎರಡನೇ ವರ್ಷ ಅವನು ಎದೆಮಟ್ಟ ಬರೋ ರಬ್ಬರ್ ಪ್ಯಾಂಟು, ತಲೆಗೆ ಲೈಟು, ಕಣ್ಣಿಗೆ ಸ್ಪೆಷಲ್ ಕನ್ನಡಕ, ಬಣ್ಣಬಣ್ಣದ ಸುಳ್ಳು ಮೀನುಗಳ ಡಬ್ಬಿ ಎಲ್ಲ ತಗೊಂಡು ಬಂದ. ಚಂದ್ರಲೋಕಕ್ಕೆ ಹೊರಟವನ ಥರ ಇದ್ದ. ನನ್ನ ಹತ್ತಿರ ಎರೆಹುಳು, ಒಂದು ಬೆಂಡು, ಅಷ್ಟೇ.

"ಅಕ್ಕ, ದೊಡ್ಡವು ಎಲ್ಲಾ ಒಳಗದಾವ" ಅಂದವನೇ ಸೊಂಟದ ತನಕ ನೀರಿಗಿಳಿದು, ಸಾಧ್ಯವಾದಷ್ಟು ದೂರಕ್ಕೆ ಎಸೀತಾ ನಿಂತ.

ನಾನು ಹೇಳಿದ್ದೆ, ಕೇಳಲಿಲ್ಲ. ಬೇಸಿಗೇಲಿ ಟ್ರೌಟ್ ತಣ್ಣಗಿರೋ ಆಳಕ್ಕೆ ಹೋಗಿ ಕೂತಿರುತ್ತೆ, ನಿಜ. ಚಳಿಗಾಲದಲ್ಲಿ ಬೆಳಗಿನ ಜಾವ ದಡಕ್ಕೇ ಬರುತ್ತೆ, ಮೊಣಕಾಲುದ್ದ ನೀರಿನಲ್ಲಿ ಹುಳ ಹುಡುಕ್ತಾ ಓಡಾಡುತ್ತೆ. ಸದ್ದು ಮಾಡದೆ, ನೀರಿಗೆ ಕಾಲಿಡದೆ, ಸ್ವಲ್ಪ ಹಿಂದೆ ನಿಂತು ಹಾಕಬೇಕು. ನಾನು ಹಾಗೇ ಮಾಡಿದೆ. ನನ್ನ ಬೆಂಡು ನನಗೂ ತಮ್ಮನಿಗೂ ಮಧ್ಯೆ ತೇಲ್ತಾ ಇತ್ತು. ಮುಳುಗಿತು. ಎಳೆದೆ. ಇನ್ನೊಂದು ಸಲ ಮುಳುಗಿತು. ಎಳೆದೆ.

ಹಲ್ಲು ಕಟಕಟ ಅನ್ನಿಸ್ತಾ ಅವನು ತಿರುಗಿ ನೋಡಿದಾಗ ನನ್ನ ಬಕೆಟ್ಟಿನಲ್ಲಿ ಎರಡು ಮೀನು.

"ಎಲ್ಲಿ ಹಿಡ್ದಿ ಇವನ್ನ?"

"ನಿನ್ ಬೆನ್ನ ಹಿಂದ."

ನೀರಿಂದ ಎದ್ದು ದಡಕ್ಕೆ ಬಂದ. ಆಮೇಲೆ ನನ್ನ ಮೀನನ್ನ ಅವನೇ ಎತ್ತಿ ಹಿಡ್ಕೊಂಡು, ಮೆಲ್ಬರ್ನಿನ ಗೆಳೆಯರಿಗೆ ವಿಡಿಯೋ ಮಾಡಿದ: "ನೋಡ್ರಪ್ಪಾ, ಇದು ಟೀಮ್ ವರ್ಕು. ನಾನು ನೀರಿಗಿಳಿದು ಅಟ್ಟಿಕೊಟ್ಟೆ, ನಮ್ಮಕ್ಕ ಎತ್ತಿಕೊಂಡಳು, ಅಷ್ಟೇ."

ಸ್ಲೋ ರಿಟ್ರೀವ್

ಇದು ಆಫೀಸಿನದ್ದು. ಲಂಚ್ ಟೈಮಲ್ಲಿ ತಮ್ಮನ ಜೊತೆ ಫೋನಿನಲ್ಲಿ ಮಾತಾಡ್ತಿದ್ದೆ. ತಣ್ಣೀರಿನಲ್ಲಿ ಮೀನಿಗೂ ಸೋಮಾರಿತನ, ಬೆನ್ನಟ್ಟಿ ಬರಲ್ಲ. ಅದಕ್ಕೆ ಎಸೆದ ದಾರವನ್ನ ನಿಧಾನಕ್ಕೆ ಸುತ್ತಿಕೋಬೇಕು. ಅದಕ್ಕೆ ಇಲ್ಲಿಯವರು ಸ್ಲೋ ರಿಟ್ರೀವ್ ಅಂತಾರೆ. ನನ್ನ ಕನ್ನಡದ ಮಧ್ಯೆ "ವಿಂಟರ್‌ನಲ್ಲಿ ಸ್ಲೋ ರಿಟ್ರೀವೇ ಬೆಸ್ಟ್, ಫಾಸ್ಟ್ ಮಾಡಿದ್ರೆ ವೇಸ್ಟ್" ಅಂದಿದ್ದರಲ್ಲಿ ವಿಂಟರ್, ಸ್ಲೋ ರಿಟ್ರೀವ್ ಅನ್ನೋದು ಮಾತ್ರ ಪಕ್ಕದಲ್ಲಿ ಕಾಫಿ ಮಾಡ್ಕೋತಿದ್ದ ಮ್ಯಾನೇಜರ್ ಕಿವಿಗೆ ಬಿತ್ತು.

ಆ ವಾರ ನಮ್ಮ ಟೀಮು ಒದ್ದಾಡ್ತಿದ್ದದ್ದೇ ಡೇಟಾ ರಿಟ್ರೀವ್ ಮಾಡೋಕೆ, ಅಂದ್ರೆ ಹುಡುಕಿ ತೆಗೆಯೋಕೆ, ಸಿಕ್ಕಾಪಟ್ಟೆ ಹೊತ್ತು ಹಿಡಿಯುತ್ತೆ ಅನ್ನೋ ಕಂಪ್ಲೇಂಟಿನ ಜೊತೆ. ಮಧ್ಯಾಹ್ನವೇ ಮೀಟಿಂಗ್ ಕರೆದರು. "ಈ ಸಮಸ್ಯೆ ಚಳಿಗಾಲದಲ್ಲಿ ಮಾತ್ರ ಬರುತ್ತೆ ಅಂತ ನಿನಗೆ ಯಾವಾಗಿಂದ ಗೊತ್ತು?" ಅಂತ ಗಂಭೀರವಾಗಿ ಕೇಳಿದರು.

ನಾನು ನಿಜ ಹೇಳಿದೆ. ಫೋನಿನಲ್ಲಿದ್ದ ಮೀನಿನ ಫೋಟೋನೂ ತೋರಿಸಿದೆ. ಅವರು ಅದನ್ನ ದೊಡ್ಡದು ಮಾಡಿ ನೋಡಿದರು, ನನ್ನನ್ನ ನೋಡಿದರು, ಎದ್ದು ಬಾಗಿಲು ಹಾಕಿದರು. ಮೀಟಿಂಗ್ ಪೂರ್ತಿ ಟೈಮ್ ನಡೀತು. ಡೇಟಾದ ಸುದ್ದಿ ಯಾರೂ ಎತ್ತಲಿಲ್ಲ.

ಅತ್ತೆಯವರ ಸರದಿ

ಹೋದ ಚಳಿಗಾಲಕ್ಕೆ ನಮ್ಮ ಅತ್ತೆ ಮೈಸೂರಿಂದ ಬಂದಿದ್ದರು. ಬಹಳ ಮಡಿ. ಮೀನು ನಮ್ಮ ಅಡುಗೆಮನೆಯೊಳಗೆ ಬರೋ ಹಾಗಿಲ್ಲ, ನಾನು ಬಾಲ್ಕನೀಲೇ ಸುಟ್ಟು ತಿನ್ನೋದು. ಮೈಸೂರಲ್ಲಿ ನೆಂಟರು ಯಾರಾದರೂ "ಸೊಸೆ ಮೀನು ಹಿಡೀತಾಳಂತೆ?" ಅಂತ ಕೇಳಿದರೆ "ಇಲ್ಲಪ್ಪ, ನೀರಿನ ಹತ್ರ ವಾಕಿಂಗ್ ಹೋಗ್ತಾಳೆ" ಅಂತಿದ್ದರಂತೆ. ನನಗೆ ಬೇಜಾರಾಗಿತ್ತು, ಆದರೆ ಹೇಳಿಕೊಂಡಿರಲಿಲ್ಲ.

ಮನೇಲಿ ಒಬ್ಬರೇ ಇರಲ್ಲ ಅಂತ ಅತ್ತೆನೂ ಹೊರಟರು. ಯಾವುದಕ್ಕೂ ಇರಲಿ ಅಂತ ಅವರ ಹೆಸರಿಗೂ ಒಂದು ಫಿಶಿಂಗ್ ಲೈಸೆನ್ಸ್ ತೆಗೆದಿದ್ದೆ. ಅವತ್ತು ಸಿಡ್ನಿಗೂ ಮೆಲ್ಬರ್ನಿಗೂ, ಅಂದ್ರೆ ನಮಗೂ ತಮ್ಮನಿಗೂ, ಯಾರು ಜಾಸ್ತಿ ಮೀನು ಹಿಡೀತಾರೆ ಅಂತ ಪಂದ್ಯ. ಸೋತವರು ಫ್ಯಾಮಿಲಿ ಗ್ರೂಪಿನಲ್ಲಿ ವಿಡಿಯೋ ಹಾಕಿ ಸೋಲು ಒಪ್ಪಿಕೊಳ್ಳಬೇಕು ಅಂತ ಮಾತಾಗಿತ್ತು. ತಮ್ಮ ಈ ಸಲ ನಾನು ಹೇಳಿಕೊಟ್ಟ ಹಾಗೇ ದಡದಲ್ಲಿ ನಿಂತ. ಮೂರು ಹಿಡಿದ. ನನಗೆ ಸೊನ್ನೆ.

ಅತ್ತೆ ಮಂಕಿ ಕ್ಯಾಪು, ಮಗನ ಜಾಕೆಟ್ಟು, ಎರಡು ಕಂಬಳಿ ಸುತ್ಕೊಂಡು ಮಡಚೋ ಕುರ್ಚೀಲಿ ಕೂತಿದ್ದರು. "ಅತ್ತೆ, ಒಂದ್ನಿಮಿಷ ಇದನ್ನ ಹಿಡ್ಕೊಂಡಿರಿ, ಕಾರಿಂದ ಎರೆಹುಳು ತರ್ತೀನಿ" ಅಂತ ಕೋಲು ಕೊಟ್ಟು ಹೋದೆ. ಕಾರಿನ ಡಿಕ್ಕಿ ತೆಗೆಯೋಷ್ಟರಲ್ಲಿ ಕೂಗು.

"ಬಾರೇ! ಯಾರೋ ಎಳೀತಿದ್ದಾರೆ ಕಣೇ!"

ಓಡಿ ಬಂದೆ. ಕೋಲು ಬಿಲ್ಲಿನ ಹಾಗೆ ಬಗ್ಗಿದೆ, ರೀಲ್ ಗಿರ್ರ್ ಅಂತಿದೆ, ಅತ್ತೆ ಕುರ್ಚಿ ಬಿಟ್ಟು ಎದ್ದು ನಿಂತಿದ್ದಾರೆ.

"ಕೊಡಿ ಅತ್ತೆ, ನಾನು..."

"ಮುಟ್ಟಬೇಡ! ಏನು ಮಾಡಬೇಕು, ಅದನ್ನ ಹೇಳು."

ಹೇಳಿದೆ. "ಅದು ಓಡಿದ್ರೆ ಬಿಡಿ. ನಿಂತ್ರೆ ಸುತ್ತಿ. ಜಗ್ಗಬೇಡಿ, ದಾರ ಹರಿಯುತ್ತೆ." ಅತ್ತೆ ಬಿಟ್ಟರು, ಸುತ್ತಿದರು, ಬಿಟ್ಟರು, ಸುತ್ತಿದರು. ಕಂಬಳಿ ಎರಡೂ ಬಿದ್ದುಹೋದವು. ನಮ್ಮನೆಯವರು ಫ್ಲಾಸ್ಕ್ ಹಿಡ್ಕೊಂಡು "ಅಮ್ಮಾ, ಹುಷಾರು ಅಮ್ಮಾ" ಅಂತ ಸುತ್ತಮುತ್ತ ಓಡಾಡ್ತಿದ್ದರು. ಸೂಪಿನ ಮುದುಕರು ಕೂಡ ತಮ್ಮ ಗಾಳ ಬಿಟ್ಟು ಬಂದು ನಿಂತರು. ಕೊನೆಗೆ ಬಲೆ ಹಾಕಿ ಎತ್ತೋಕೆ ಹೋಗಿ ನೋಡ್ತೀನಿ, ಬ್ರೌನ್ ಟ್ರೌಟ್! ಇಷ್ಟು ವರ್ಷದಲ್ಲಿ ಅಷ್ಟು ದೊಡ್ಡ ಮೀನನ್ನ ನಾನು ಆ ನೀರಲ್ಲಿ ಕಂಡಿರಲಿಲ್ಲ. ಮುದುಕರು ಟೋಪಿ ತೆಗೆದರು.

ಅತ್ತೆ ಬಗ್ಗಿ ನೋಡಿದರು. "ಹೊಟ್ಟೆ ಯಾಕೇ ಇಷ್ಟು ದಪ್ಪ?"

"ಮೊಟ್ಟೆ ತುಂಬಿದೆ ಅತ್ತೆ. ಈ ಕಾಲದಲ್ಲಿ ಇವು ತಾವು ಹುಟ್ಟಿದ ಹೊಳೆಗೆ ಹೋಗಿ ಮೊಟ್ಟೆ ಇಡ್ತವೆ."

"ಅಯ್ಯೋ, ತವರಿಗೆ ಹೊರಟಿದ್ದಾಳೆ ಅನ್ನು! ಮೊದಲು ಬಿಡೇ ಅವಳನ್ನ."

ಗಾಳ ಬಿಡಿಸಿ, ಬಲೆಯನ್ನ ನೀರಿನಲ್ಲೇ ಇಟ್ಟು ಮೀನನ್ನ ಸುಧಾರಿಸಿಕೊಳ್ಳೋಕೆ ಬಿಟ್ಟೆ. "ಒಂದ್ನಿಮಿಷ ಇರು" ಅಂದ ಅತ್ತೆ ಕೈಚೀಲ ತಡಕಿ, ಕಲ್ಲುಸಕ್ಕರೆ ಎರಡು ಹರಳು ತೆಗೆದು ಮೀನಿನ ಮುಂದೆ ನೀರಿಗೆ ಹಾಕಿದರು. "ಬಸುರೀನ ಬರಿಗೈಲಿ ಕಳಿಸ್ತಾರೇನೇ?" ಬಲೆ ಬಗ್ಗಿಸಿದೆ. ಬಾಲ ಒಂದು ಸಲ ಬೀಸಿ, ನಮ್ಮೆಲ್ಲರ ಮುಖಕ್ಕೆ ನೀರು ಎರಚಿ ಹೋಯಿತು.

ಅಲ್ಲೇ ನಿಂತು ಅತ್ತೆ ಮೈಸೂರಿನ ತಂಗಿಗೆ ಫೋನ್ ಮಾಡಿದರು. "ಹೂಂ ಕಣೇ, ನಾನೇ ಹಿಡಿದೆ. ಹಿಡಿಯೋದು ಹೇಗೆ ಅಂತ ಸೊಸೆ ಹೇಳಿಕೊಟ್ಟಳು. ಅವಳು ಇದರಲ್ಲಿ ಬಹಳ ಗಟ್ಟಿಗಿತ್ತಿ, ನಿನಗೆ ಗೊತ್ತಿಲ್ಲ" ಅಂದರು. ವಾಕಿಂಗ್ ಸುದ್ದಿ ಬರಲೇ ಇಲ್ಲ. ಚಳಿಗೋ ಏನೋ ನನ್ನ ಕಣ್ಣಲ್ಲಿ ನೀರು ಬಂತು.

ತಮ್ಮ ಮಾತ್ರ ಪಟ್ಟು ಬಿಡಲಿಲ್ಲ. "ಎಲ್ಲಾ ಸರಿ ಆಂಟಿ, ಮೀನು ದೊಡ್ಡದೇ. ಆದ್ರೂ ಲೆಕ್ಕ ಲೆಕ್ಕಾನೇ. ಮೆಲ್ಬರ್ನ್ ಮೂರು, ಸಿಡ್ನಿ ಒಂದು. ಅಕ್ಕ ವಿಡಿಯೋ ಹಾಕ್ಬೇಕು."

ಅತ್ತೆ ಫೋನನ್ನ ಕಿವಿಯಿಂದ ಸ್ವಲ್ಪ ಸರಿಸಿ ಹೇಳಿದರು: "ಒಂದು ಹೇಗಪ್ಪಾ ಆಗುತ್ತೆ? ಹೊಟ್ಟೇಲಿರೋವನ್ನ ಎಣಿಸಿದೆಯಾ?"